'ಇದು ನಮ್ಮ ಮನೆ ವಿಚಾರ' ಅಂದವರು

ಕೇರಿಯವನನ್ನು ಕಂಬಕ್ಕೆ ಕಟ್ಟಿ ಹೊಡೆಯುವಾಗ ಯಾರಾದರೂ ತಡೆದರೆ ಊರಗೌಡ ಹೇಳೋದು ಒಂದೇ ಮಾತು: 'ಇದು ನಮ್ಮೂರ ವಿಚಾರ, ಕೇಳೋಕೆ ನೀನ್ಯಾರು?' ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ವಿಶ್ವಸಂಸ್ಥೆಯಲ್ಲಿ ದಶಕಗಟ್ಟಲೆ ಆಡಿದ್ದೂ ಇದೇ ಮಾತು.

1946ರಲ್ಲಿ ಅಲ್ಲಿನ ಭಾರತೀಯರ ಮೇಲಿನ ತಾರತಮ್ಯವನ್ನು ಭಾರತ ವಿಶ್ವಸಂಸ್ಥೆಗೆ ಒಯ್ದಿತು. ವಿಜಯಲಕ್ಷ್ಮಿ ಪಂಡಿತ್ ವಾದಿಸಿದರು. 'ಆಂತರಿಕ ವಿಷಯ' ಅಂದರು ಪ್ರಧಾನಿ ಸ್ಮಟ್ಸ್. ಮಹಾಸಭೆ ಒಪ್ಪಲಿಲ್ಲ. ಡಿಸೆಂಬರ್ 8ರಂದು ಪರವಾಗಿ 32, ವಿರುದ್ಧವಾಗಿ 15 ಮತ ಬಿದ್ದು ನಿರ್ಣಯ ಪಾಸಾಯಿತು. ಅಲ್ಲಿ ಏನು ಬದಲಾಯ್ತು? 1948ರಲ್ಲಿ ಗೆದ್ದು ಬಂದ ನ್ಯಾಷನಲ್ ಪಾರ್ಟಿ ವರ್ಣಭೇದವನ್ನೇ ರಾಜ್ಯನೀತಿ ಮಾಡಿತು.

1960ರ ಮಾರ್ಚ್ 21, ಶಾರ್ಪ್‌ವಿಲ್. ಕರಿಯರು ಸದಾ ಪಾಸು ಹೊತ್ತು ತಿರುಗಬೇಕೆಂಬ ಕಾನೂನನ್ನು ವಿರೋಧಿಸಿ ಜನ ಪೊಲೀಸ್ ಠಾಣೆ ಮುಂದೆ ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ 69 ಹೆಣ. ಬಹಳ ಮಂದಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಏಪ್ರಿಲ್ 1ರಂದು ಭದ್ರತಾ ಮಂಡಳಿ 134ನೇ ನಿರ್ಣಯ ಮಾಡಿತು. ಬ್ರಿಟನ್, ಫ್ರಾನ್ಸ್ ಮತ ಹಾಕದೆ ಕೂತವು. 1962ರಲ್ಲಿ ಮಹಾಸಭೆ ವ್ಯಾಪಾರ ಸಂಬಂಧ ಕಡಿದುಕೊಳ್ಳಿ ಎಂದಿತು. ದೊಡ್ಡ ರಾಷ್ಟ್ರಗಳು ಕಿವಿಗೆ ಹಾಕಿಕೊಳ್ಳಲಿಲ್ಲ. 1974ರಲ್ಲಿ ದಕ್ಷಿಣ ಆಫ್ರಿಕಾವನ್ನು ವಿಶ್ವಸಂಸ್ಥೆಯಿಂದಲೇ ಹೊರಹಾಕುವ ಮಾತು ಬಂದಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ವೀಟೋ ಚಲಾಯಿಸಿದವು.

ಹಾಗಾದರೆ ನಿರ್ಣಯ ಅನ್ನೋದು ಬರೀ ಕಾಗದವೇ? ಬೀದಿ ಸುಮ್ಮನಿದ್ದರೆ ಕಾಗದವೇ. 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಆಫ್ರಿಕಾನ್ಸ್ ಹೇರಿಕೆಯ ವಿರುದ್ಧ ಬೀದಿಗಿಳಿದು ಗುಂಡು ತಿಂದರು. 1977ರ ಸೆಪ್ಟೆಂಬರಿನಲ್ಲಿ ಸ್ಟೀವ್ ಬಿಕೊ ಪೊಲೀಸರ ವಶದಲ್ಲಿ ಸತ್ತರು. ಆಮೇಲಷ್ಟೇ, ನವೆಂಬರ್ 4ರಂದು, ಶಸ್ತ್ರ ಮಾರಾಟಕ್ಕೆ ಕಡ್ಡಾಯ ನಿಷೇಧ ಬಂತು. 1990ರಲ್ಲಿ ಮಂಡೇಲಾ ಹೊರಬಂದರು. 1994ರಲ್ಲಿ ಕರಿಯರು ಓಟು ಹಾಕಿದರು.

ಈ ಚರಿತ್ರೆಯಲ್ಲಿ ನಮ್ಮ ಪಾಲೂ ಇದೆ. 1946ರಲ್ಲೇ ಬಾಬಾಸಾಹೇಬರು ಅಮೆರಿಕದ ಕರಿಯ ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು, ಅಲ್ಲಿನ ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆ ಅವರಿಗಿತ್ತು. 2001ರಲ್ಲಿ, ಅದೇ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಜನಾಂಗಭೇದ ವಿರೋಧಿ ಸಮ್ಮೇಳನ ನಡೆಯಿತು. ಜಾತಿಯ ಪ್ರಶ್ನೆ ಎತ್ತಲು ದಲಿತರು ಹೋದರು. ಅದು ಈ ಸಮ್ಮೇಳನದ ವಿಷಯವಲ್ಲ ಅಂತ ಅಡ್ಡ ನಿಂತದ್ದು ಭಾರತ ಸರ್ಕಾರ!

ಸ್ಮಟ್ಸ್ ಬಾಯಲ್ಲಿ ತಪ್ಪಾದ ಮಾತು ದಿಲ್ಲಿಯ ಬಾಯಲ್ಲಿ ಸರಿಯಾಗೋದು ಹೇಗೆ? ಮೇಷ್ಟ್ರುಗಳು 1946ರ ಪಾಠ ಮಾಡುವಾಗ 2001ನ್ನೂ ಸೇರಿಸಿ ಹೇಳಲಿ. ಮಕ್ಕಳು ಕೇಳಲಿ.