ಹತ್ತರಲ್ಲಿ ಒಂಬತ್ತು ಜನ ಹೂಂ ಅಂದರೂ

2013ರ ಏಪ್ರಿಲ್ 17. ಅಮೆರಿಕದ ಸೆನೆಟ್‌ನಲ್ಲಿ ಒಂದು ತಿದ್ದುಪಡಿ ಮತಕ್ಕೆ ಬಂತು. ಬಂದೂಕು ಮೇಳಗಳಲ್ಲಿ, ಆನ್‌ಲೈನ್‌ನಲ್ಲಿ ಬಂದೂಕು ಕೊಳ್ಳೋರ ಹಿನ್ನೆಲೆಯನ್ನೂ ಪರಿಶೀಲಿಸಬೇಕು ಅನ್ನೋದು ಅದರ ಸಾರ. ನಾಲ್ಕು ತಿಂಗಳ ಹಿಂದಷ್ಟೇ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಸಿಬ್ಬಂದಿ ಗುಂಡಿಗೆ ಬಲಿಯಾಗಿದ್ದರು. ಸಮೀಕ್ಷೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಇಂಥ ಪರಿಶೀಲನೆ ಬೇಕು ಅಂದಿದ್ದರು. ಸೆನೆಟ್‌ನಲ್ಲಿ ಪರವಾಗಿ ಬಿದ್ದದ್ದು 54 ಮತ, ವಿರುದ್ಧ 46. ಬೇಕಿದ್ದದ್ದು 60. ತಿದ್ದುಪಡಿ ಬಿದ್ದುಹೋಯಿತು.

ಹಾಗಾದರೆ ಸಮೀಕ್ಷೆಗಳೇ ಸುಳ್ಳಾ? ಇಲ್ಲ. ಅವು ಅಳೆಯೋದು ಏನನ್ನ ಅಂತ ನಾವು ಸರಿಯಾಗಿ ನೋಡಲ್ಲ, ಅಷ್ಟೇ.

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತಾರೆ ನಮ್ಮೂರಲ್ಲಿ. ಆದರೆ ಪಾತ್ರೆಯ ಮೇಲ್ಮೇಲಿಂದಲೇ ಅಗುಳು ತೆಗೆದರೆ ತಳದ ಸುದ್ದಿ ಗೊತ್ತಾಗಲ್ಲ. 1936ರಲ್ಲಿ ಆಗಿದ್ದು ಇದೇ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಅಂಚೆಯಲ್ಲಿ ಮತಪತ್ರ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ಟೆಲಿಫೋನು, ಕಾರು ಇಟ್ಟುಕೊಂಡವರ ಪಟ್ಟಿ ಹಿಡಿದು ಹೊರಟರೆ ಬಡವರ ಮನಸ್ಸು ತಿಳಿಯೋದು ಹೇಗೆ? ತುಂಬ ಕಡಿಮೆ ಜನರನ್ನ ಕೇಳಿದ ಜಾರ್ಜ್ ಗ್ಯಾಲಪ್ ಮಾತ್ರ ಗೆದ್ದವರನ್ನ ಸರಿಯಾಗಿ ಹೇಳಿದ್ದರು.

ಅಲ್ಲಿಂದ ಸ್ಯಾಂಪಲ್ ಸುಧಾರಿಸಿತು. ಪ್ರಶ್ನೆಯ ಕಥೆ ಬೇರೆ. ಪೊಲೀಸರು, ಅಧಿಕಾರ ಇರೋರು ಬಿಟ್ಟು ಬೇರೆ ಯಾರೂ ಪಿಸ್ತೂಲು ಇಟ್ಟುಕೊಳ್ಳಬಾರದಾ ಅಂತ 1959ರಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ 60% ಜನ ಹೌದು ಅಂದಿದ್ದರು. 2021ರಲ್ಲಿ ಹೌದು ಅಂದವರು 19% ಮಾತ್ರ. ಅಮೆರಿಕನ್ನರು ಬಂದೂಕು ನಿಯಂತ್ರಣದ ವಿರುದ್ಧ ತಿರುಗಿಬಿಟ್ಟರು ಅನ್ನಿಸುತ್ತೆ, ಅಲ್ವಾ? ಆದರೆ ಇದೇ ಸಂಸ್ಥೆ 2018ರ ಮಾರ್ಚ್‌ನಲ್ಲಿ ಬಂದೂಕು ಮಾರಾಟದ ಕಾನೂನು ಬಿಗಿ ಆಗಬೇಕಾ ಅಂತ ಕೇಳಿದಾಗ 67% ಜನ ಹೌದು ಅಂದಿದ್ದರು. ಪೇಪರ್ ಹೆಡ್‌ಲೈನ್‌ನಲ್ಲಿ ಎರಡಕ್ಕೂ ಒಂದೇ ಹೆಸರು: ಬಂದೂಕು ನಿಯಂತ್ರಣ.

ಈಗ ಹುಡುಗರ ವಿಷಯಕ್ಕೆ ಬರೋಣ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಹೈಸ್ಕೂಲಿನಲ್ಲಿ 17 ಜನ ಸತ್ತರು. ಬದುಕುಳಿದ ವಿದ್ಯಾರ್ಥಿಗಳು ಬೀದಿಗಿಳಿದರು. ಮಾರ್ಚ್ 24ರಂದು ವಾಷಿಂಗ್ಟನ್‌ನಲ್ಲಿ ಲಕ್ಷಾಂತರ ಜನ ಸೇರಿದರು. 18ರಿಂದ 29 ವಯಸ್ಸಿನವರ ಹಾರ್ವರ್ಡ್ ಸಮೀಕ್ಷೆಯಲ್ಲಿ ಕಾನೂನು ಬಿಗಿ ಆಗಲಿ ಅಂದವರು 64%. ಐದು ವರ್ಷದ ಹಿಂದೆ, ಸ್ಯಾಂಡಿ ಹುಕ್ ಆದಮೇಲೂ, ಈ ಸಂಖ್ಯೆ 49% ಇತ್ತು.

ಹೊಸ ತಲೆಮಾರು ಹಳಬರಿಗಿಂತ ಪೂರ್ತಿ ಬೇರೆ ಅಂತ ಟಿವಿಯವರು ಹೇಳಿದರು. ಅಂಕಿಗಳು ಅಷ್ಟು ಸರಳವಾಗಿರಲಿಲ್ಲ. ಹಿನ್ನೆಲೆ ಪರಿಶೀಲನೆಗೆ ಎಲ್ಲ ವಯಸ್ಸಿನವರೂ ಹೂಂ ಅಂತಿದ್ದರು. ಸೇನಾ ಮಾದರಿಯ ರೈಫಲ್ ನಿಷೇಧ ಅಂದಾಗ ಕೆಲವು ಸಮೀಕ್ಷೆಗಳಲ್ಲಿ ಅಜ್ಜ-ಅಜ್ಜಿಯರಿಗಿಂತ ಮೊಮ್ಮಕ್ಕಳ ಬೆಂಬಲವೇ ಕಡಿಮೆ ಇತ್ತು.

ಹಾಗಾದರೆ ಬದಲಾದದ್ದು ಏನು? 1970ರ ದಶಕದಲ್ಲಿ ಹೋವರ್ಡ್ ಶೂಮನ್, ಸ್ಟ್ಯಾನ್ಲಿ ಪ್ರೆಸರ್ ಎಂಬ ಇಬ್ಬರು ಸಂಶೋಧಕರು ಇದೇ ಒಗಟನ್ನ ಬಿಡಿಸೋಕೆ ಕೂತಿದ್ದರು: ಬಹುಮತ ಇದ್ದರೂ ಕಾನೂನು ಯಾಕೆ ಬರಲ್ಲ? ಜನಪ್ರತಿನಿಧಿಗೆ ಪತ್ರ ಬರೆಯೋರು, ದುಡ್ಡು ಕೊಡೋರು ವಿರೋಧಿಗಳಲ್ಲೇ ಹೆಚ್ಚು ಅಂತ ಅವರಿಗೆ ಕಂಡಿತು. ಸಮೀಕ್ಷೆಯಲ್ಲಿ ಇಬ್ಬರದ್ದೂ ಒಂದೊಂದೇ ಉತ್ತರ. ಒಬ್ಬ ಫೋನ್ ಇಟ್ಟಮೇಲೆ ಮರೆತುಬಿಡ್ತಾನೆ, ಇನ್ನೊಬ್ಬ ಅದೇ ವಿಷಯಕ್ಕೆ ವೋಟು ಹಾಕ್ತಾನೆ.

ಪಾರ್ಕ್‌ಲ್ಯಾಂಡ್ ಹುಡುಗರು ಹಾಕಿದ್ದು ಈ ಜಾಗಕ್ಕೇ ಕೈ. ಘಟನೆ ಆದ ಒಂದೇ ವಾರಕ್ಕೆ ಬಸ್ಸು ಹತ್ತಿ ರಾಜಧಾನಿ ಟ್ಯಾಲಹಾಸಿಗೆ ಹೋಗಿ ಶಾಸಕರ ಬಾಗಿಲು ತಟ್ಟಿದರು. ಮಾರ್ಚ್ 9ಕ್ಕೆ, ರಿಪಬ್ಲಿಕನ್ನರ ಕೈಯಲ್ಲಿದ್ದ ಫ್ಲಾರಿಡಾದಲ್ಲೇ, ರೈಫಲ್ ಕೊಳ್ಳೋ ವಯಸ್ಸನ್ನ 18ರಿಂದ 21ಕ್ಕೆ ಏರಿಸೋ ಕಾನೂನಿಗೆ ಸಹಿ ಬಿತ್ತು. 2014ರ ಮಧ್ಯಾವಧಿ ಚುನಾವಣೆಯಲ್ಲಿ 18-29ರವರ ಮತದಾನ 20% ಇತ್ತು, 2018ರಲ್ಲಿ 36% ಆಯಿತು. ಇದಕ್ಕೆ ಬಂದೂಕು ಒಂದೇ ಕಾರಣ ಅಲ್ಲ, ಆದರೆ ಮೆರವಣಿಗೆಗಳಲ್ಲೇ ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಿದ್ದರು ಅನ್ನೋದೂ ನಿಜ.

ಗೆಲುವು ಅಂತ ಕುಣಿಯೋ ಹಾಗಿಲ್ಲ. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಕೊಂದವನಿಗೆ 18 ವರ್ಷ, ಬಂದೂಕು ಕೊಂಡದ್ದು ಕಾನೂನುಬದ್ಧವಾಗಿ. ಅದಾದ ಒಂದು ತಿಂಗಳಿಗೆ ಸುಮಾರು 30 ವರ್ಷಗಳಲ್ಲೇ ಮೊದಲ ದೊಡ್ಡ ಕೇಂದ್ರ ಕಾನೂನು ಬಂತು. 21ರ ಒಳಗಿನವರು ಬಂದೂಕು ಕೊಳ್ಳೋಕೆ ಬಂದರೆ ಹೆಚ್ಚಿನ ಪರಿಶೀಲನೆ ಆಗಬೇಕು ಅನ್ನುತ್ತೆ ಅದು. 2013ರಲ್ಲಿ ಬಿದ್ದುಹೋದ ತಿದ್ದುಪಡಿ ಮಾತ್ರ ಅದರಲ್ಲೂ ಪೂರ್ತಿ ಸೇರಲಿಲ್ಲ.

ನಾವು ದಿನವಿಡೀ ಡ್ಯಾಶ್‌ಬೋರ್ಡ್ ನೋಡೋ ಜನ. ಇಷ್ಟು ಪರ್ಸೆಂಟ್ ಯುವಕರು ಹೀಗಂತಾರೆ ಅನ್ನೋ ಸುದ್ದಿ ಕಂಡ ಕೂಡಲೇ ಫಾರ್ವರ್ಡ್ ಮಾಡ್ತೀವಿ. ಮುಂದಿನ ಸಲ ಅಂಥದ್ದು ಬಂದಾಗ ಮೂರು ವಿಷಯ ಕೇಳಿ ನೋಡಿ: ಯಾರನ್ನ ಕೇಳಿದರು, ಯಾವ ಮಾತಲ್ಲಿ ಕೇಳಿದರು, ಹೂಂ ಅಂದವರಲ್ಲಿ ಎಷ್ಟು ಜನ ಎದ್ದು ಹೋಗಿ ವೋಟು ಹಾಕಿದರು.