ಬೆಳಗದ ಕಬ್ಬಿಣ, ಬೆಳಗುವ ಇರಿಡಿಯಂ

ಮರಿಯಮ್ಮನಹಳ್ಳಿಯ ಹೆದ್ದಾರಿ ಬದಿಯಲ್ಲಿ ನಿಂತವರಿಗೆ ಅದಿರಿನ ಲಾರಿಗಳು ಹೊಸತಲ್ಲ. ಸಂಡೂರು, ಹೊಸಪೇಟೆ ಸೀಮೆಯಲ್ಲಿ ಕೆಂಧೂಳಿಗೆ ಬರವಿಲ್ಲ. ಆ ಧೂಳು ಒರೆಸಿ ನೋಡುವ ಓಎಲ್‌ಇಡಿ ಮೊಬೈಲ್ ಪರದೆಯ ಬೆಳಕಿಗೂ ಒಂದು ಲೋಹ ಬೇಕು. ಆದರೆ ಅದು ನಮ್ಮ ಕಬ್ಬಿಣವಲ್ಲ. ಯಾಕಲ್ಲ?

1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್, 10 ವೋಲ್ಟ್‌ಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹಸಿರಾಗಿ ಬೆಳಗುವ ತೆಳುಪದರವನ್ನು ತೋರಿಸಿದರು. ಅದರಲ್ಲಿದ್ದದ್ದು ಒಂದು ಲೋಹ ಸಂಕೀರ್ಣ: ನಡುವೆ ಅಲ್ಯುಮಿನಿಯಂ, ಸುತ್ತ ಮೂರು ಸಾವಯವ ಅಣುಗಳು. ಇಂದಿನ ಓಎಲ್‌ಇಡಿಯ ಚರಿತ್ರೆ ಶುರುವಾಗುವುದು ಇಲ್ಲಿಂದಲೇ.

ಆದರೆ ಒಂದು ತೊಡಕಿತ್ತು. ವಿದ್ಯುತ್ತು ಹರಿದಾಗ ಹುಟ್ಟುವ ಉದ್ರೇಕಿತ ಸ್ಥಿತಿಗಳಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಸುಲಭವಾಗಿ ಬೆಳಕಾಗುತ್ತದೆ. ಉಳಿದ ಮೂರಕ್ಕೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ; ಅವು ಶಾಖವಾಗಿ ಕರಗುತ್ತವೆ. ಶೇ. 75ರಷ್ಟು ನಷ್ಟ!

1998ರಲ್ಲಿ ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಂಪ್ಸನ್ ಮತ್ತು ಅವರ ಸಂಗಡಿಗರು ಪ್ಲಾಟಿನಂ ಸಂಕೀರ್ಣದಿಂದ ಆ ದಾರಿ ತೆರೆದರು. ಮರುವರ್ಷ ಇರಿಡಿಯಂ ಬಂತು. ಭಾರವಾದ ಪರಮಾಣುವಿನ ಬಳಿ ಎಲೆಕ್ಟ್ರಾನಿನ ಗಿರಕಿ ಮತ್ತು ಅದರ ಚಲನೆ ಪರಸ್ಪರ ಬೆಸೆದುಕೊಳ್ಳುತ್ತವೆ. ಆಗ ತಡೆ ಸಡಿಲವಾಗಿ ನಾಲ್ಕೂ ಪಾಲು ಬೆಳಕಾಗಬಲ್ಲವು. 1803ರಲ್ಲಿ ಸ್ಮಿತ್‌ಸನ್ ಟೆನ್ನಂಟ್ ಈ ಲೋಹದ ಲವಣಗಳ ಬಣ್ಣಗಳನ್ನು ಕಂಡು ಗ್ರೀಕರ ಕಾಮನಬಿಲ್ಲಿನ ದೇವತೆ ಐರಿಸ್ ಹೆಸರಿಟ್ಟಿದ್ದ. ಇಂದು ಪರದೆಯ ಕೆಂಪು, ಹಸಿರುಗಳಿಗೆ ಅದೇ ಆಸರೆ. ಬಹುಕಾಲ ಬಾಳುವ ನೀಲಿ ಮಾತ್ರ ಸುಲಭಕ್ಕೆ ಒಲಿಯಲಿಲ್ಲ.

ಇರಿಡಿಯಂ ಭೂಮಿಯ ಹೊರಪದರದ ಅತಿ ವಿರಳ ಲೋಹಗಳಲ್ಲೊಂದು. ಕಬ್ಬಿಣವೋ, ಶೇ. 5ರಷ್ಟಿದೆ. ಆದರೂ ಕಬ್ಬಿಣದ ಸಂಕೀರ್ಣಗಳು ಬೆಳಕನ್ನು ಹೀರಿ ನುಂಗಿಬಿಡುತ್ತವೆ. ಲೋಹದ್ದೇ ಆದ ಕೆಳಮಟ್ಟದ ಸ್ಥಿತಿಗಳಿಗೆ ಶಕ್ತಿ ಕ್ಷಣಾರ್ಧದಲ್ಲಿ ಜಾರಿ ಶಾಖವಾಗುತ್ತದೆ. ಆ ಜಾರುದಾರಿಯನ್ನು ಎತ್ತರಿಸಬಲ್ಲ ಅಣುಗಳನ್ನು ಕಬ್ಬಿಣದ ಸುತ್ತ ಕಟ್ಟಿ, 2017ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ತಂಡ ಕೋಣೆಯ ತಾಪಮಾನದಲ್ಲೇ ಅದನ್ನು ಬೆಳಗಿಸಿತು. 2019ರ ಹೊತ್ತಿಗೆ ಹೀರಿದ ಬೆಳಕಿನಲ್ಲಿ ಸುಮಾರು ಶೇ. 2 ಮರಳಿ ಬಂತು. ಪರದೆಗೆ ಇದು ಏನೇನೂ ಸಾಲದು. ಆದರೆ ಕಬ್ಬಿಣ ಬೆಳಗುವುದೇ ಇಲ್ಲ ಎಂಬ ಮಾತು ಸುಳ್ಳಾಯಿತು.

ನಮ್ಮ ಸೀಮೆ ಕಬ್ಬಿಣವನ್ನು ಅಳೆದದ್ದು ಟನ್ನುಗಳಲ್ಲಿ. ಅಗೆದ ಗುಡ್ಡ, ಕೆಂಪಾದ ಬೆಳೆ ಆ ಲೆಕ್ಕಕ್ಕೆ ತೆತ್ತ ಬೆಲೆ. ಒಂದೇ ಒಂದು ಪರಮಾಣುವಿನ ಸುತ್ತ ಏನು ಕಟ್ಟಬಹುದೆಂಬ ಪ್ರಶ್ನೆಯನ್ನು ಈ ನೆಲದ ಮಕ್ಕಳೂ ಕೇಳಲಿ. ಲಾರಿಯಲ್ಲಿ ಹೋದದ್ದು ಮರಳಿ ಬಾರದು. ಈ ವಿದ್ಯೆಯಾದರೂ ಇಲ್ಲಿ ಉಳಿದೀತು.