ಕೇಳದೇ ಎತ್ತಿಕೊಂಡು ಹೋದ ಗಾಡಿಗೆ ದರ ಕಟ್ಟೋರು ಯಾರು?

ಆಫೀಸ್ ಮುಗಿಸಿ ಕೆಳಗೆ ಬಂದ್ರೆ ಬೈಕ್ ನಿಲ್ಲಿಸಿದ ಜಾಗ ಖಾಲಿ. ಟೋಯಿಂಗ್‌ನವರು ಎತ್ಕೊಂಡು ಹೋಗಿದ್ದಾರೆ. ಪುಣೆ, ಹೈದರಾಬಾದಲ್ಲಿ ಇರೋ ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತು. ಆ ಹೊತ್ತಲ್ಲಿ ಚೌಕಾಸಿ ನಡೆಯಲ್ಲ, ಗಾಡಿ ಅವರ ಕೈಯಲ್ಲಿದೆ. ಹಾಗಾದ್ರೆ ದರಕ್ಕೆ ಮಿತಿ ಹಾಕೋರು ಯಾರು? ಅಮೆರಿಕದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್ ಬಾಗಿಲವರೆಗೂ ಹೋಯಿತು.

1994ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ತಂದಿತು: ಸರಕು ಸಾಗಿಸೋ ವಾಹನಗಳ ದರ, ಮಾರ್ಗ, ಸೇವೆ ಬಗ್ಗೆ ರಾಜ್ಯಗಳಾಗಲಿ ನಗರಗಳಾಗಲಿ ನಿಯಮ ಮಾಡೋ ಹಾಗಿಲ್ಲ. ಪೈಪೋಟಿ ಬೆಳೆಯಲಿ ಅನ್ನೋದು ಉದ್ದೇಶ. ಆದರೆ ಟೋ ಟ್ರಕ್ಕೂ ಅದರೊಳಗೇ ಸಿಕ್ಕಿಕೊಂಡಿತು! ಪೈಪೋಟಿ ಇರಬೇಕಾದ್ರೆ ಗ್ರಾಹಕ ಆಯ್ಕೆ ಮಾಡಬೇಕು. ಒಪ್ಪಿಗೆ ಇಲ್ಲದೆ ಎಳೆದೊಯ್ದ ಕಾರಿನ ಮಾಲೀಕ ಯಾರನ್ನ ಆಯ್ಕೆ ಮಾಡಿದ? ಹಾಗಾಗಿ 1995ರ ಕೊನೆಯಲ್ಲಿ ತಿದ್ದುಪಡಿ ಬಂತು. ಒಪ್ಪಿಗೆಯಿಲ್ಲದ ಟೋಯಿಂಗ್‌ನ ದರಕ್ಕೆ ರಾಜ್ಯವೂ ನಗರವೂ ಮಿತಿ ಹಾಕಬಹುದು.

ಲೈಸೆನ್ಸ್ ಕಥೆ ಬೇರೆ. ಒಹಾಯೋದ ಕೊಲಂಬಸ್ ನಗರ ಟೋಯಿಂಗ್‌ನವರಿಗೆ ಲೈಸೆನ್ಸ್, ತಪಾಸಣೆ ಕಡ್ಡಾಯ ಮಾಡಿತ್ತು. ಒಂದು ಗ್ಯಾರೇಜ್ ಕಂಪನಿ ಕೋರ್ಟಿಗೆ ಹೋಯಿತು. ವಾದ ನಮ್ಮ ರಿಕ್ವೈರ್ಮೆಂಟ್ ಡಾಕ್ಯುಮೆಂಟ್ ಜಗಳದ ಥರಾನೇ ಇತ್ತು: ದರದ ವಿನಾಯಿತಿಯಲ್ಲಿ "ರಾಜ್ಯ ಮತ್ತು ಅದರ ಸ್ಥಳೀಯ ಸಂಸ್ಥೆ" ಅಂತ ಇದೆ, ಸುರಕ್ಷತೆಯ ವಿನಾಯಿತಿಯಲ್ಲಿ ಬರೀ "ರಾಜ್ಯ" ಅಂತ ಇದೆ. ಅಂದ್ಮೇಲೆ ನಗರಕ್ಕೆ ಸುರಕ್ಷತಾ ನಿಯಮ ಮಾಡೋ ಹಕ್ಕಿಲ್ಲ. ಮೇಲ್ಮನವಿ ಕೋರ್ಟ್ ಇದನ್ನ ಒಪ್ಪಿತು. 2002ರಲ್ಲಿ ಸುಪ್ರೀಂ ಕೋರ್ಟ್ 7–2ರಿಂದ ಅದನ್ನ ತಳ್ಳಿಹಾಕಿತು. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದ ತೀರ್ಪಿನ ಸಾರ: ರಾಜ್ಯ ತನ್ನ ಅಧಿಕಾರವನ್ನ ನಗರಕ್ಕೆ ವಹಿಸಿಕೊಡೋದು ಹಳೆಯ ಪದ್ಧತಿ, ಅದನ್ನ ತಡೀಬೇಕಾದ್ರೆ ಸಂಸತ್ತು ಸ್ಪಷ್ಟವಾಗಿ ಹೇಳಬೇಕು. ಸ್ಕಾಲಿಯಾ ಒಪ್ಪಲಿಲ್ಲ, ಪದ ಬಿಟ್ಟಿದ್ದಕ್ಕೂ ಅರ್ಥ ಇದೆ ಅಂದರು. ನಿಜ ಹೇಳ್ಬೇಕಂದ್ರೆ ಅವರ ವಾದವೂ ಹಗುರವಾದದ್ದಲ್ಲ.

2013ರ ಕೇಸ್ ಇನ್ನೂ ಮನಸ್ಸಿಗೆ ತಾಗುತ್ತೆ. ನ್ಯೂ ಹ್ಯಾಂಪ್‌ಶೈರಿನಲ್ಲಿ ಒಬ್ಬರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಕಾರು ಟೋ ಆಗಿ, ಕೊನೆಗೆ ಬೇರೆಯವರ ಪಾಲಾಯಿತು. ಕೇಂದ್ರ ಕಾನೂನು ನಮಗೆ ರಕ್ಷಣೆ ಅಂತ ಕಂಪನಿ ವಾದಿಸಿತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಇಲ್ಲ ಅಂದಿತು.

ನಮ್ಮ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಟೋಯಿಂಗ್ ಖರ್ಚನ್ನ ಮಾಲೀಕನ ಮೇಲೇ ಹಾಕುತ್ತೆ. ಆದರೆ ಟೋಯಿಂಗ್‌ಗೆ ಅನುಮತಿ ಕೊಡಬೇಕಾದವರು ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ. ಮುಂದಿನ ಸಲ ದುಡ್ಡು ಕಟ್ಟೋ ಮೊದಲು ಎರಡು ಮಾತು ಕೇಳಿ: ಅನುಮತಿ ಕೊಟ್ಟವರು ಯಾರು, ರಸೀದಿ ಎಲ್ಲಿ? ಸಿಗೋಣ.